ಟ್ರೇಸಿ ಆರ್ಮ್‌ಗೆ ಹಡಗುಗಳು ಏಕೆ ಹೋಗುತ್ತಿಲ್ಲ? ಹಿಂದೆ ಸರಿಯುವ ಹಿಮನದಿ, ಕುಸಿಯುವ ಗುಡ್ಡ ಮತ್ತು ಯಾರೂ ಹೊರದ ಹೊಣೆ

ಅಲಾಸ್ಕಾದ ರಾಜಧಾನಿ ಜೂನೊದಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ ಟ್ರೇಸಿ ಆರ್ಮ್ ಎಂಬ ಹಿಮನದಿ ಕೊಲ್ಲಿಯಿದೆ. ಇಕ್ಕೆಲಗಳಲ್ಲಿ ನೀರಿನಿಂದ ನೆಟ್ಟಗೆ ಮೇಲೇಳುವ ಬಂಡೆಗೋಡೆಗಳು, ಒಳತುದಿಯಲ್ಲಿ ಕಡಲಿಗೇ ಬಂದು ಮುಗಿಯುವ ಎರಡು ಹಿಮನದಿಗಳು. ಇವನ್ನು ನೋಡಲೆಂದೇ ದಶಕಗಳಿಂದ ಪ್ರತಿ ಬೇಸಿಗೆಯಲ್ಲೂ ಪ್ರವಾಸಿ ಹಡಗುಗಳು ಈ ಇಕ್ಕಟ್ಟಾದ ನೀರಿನ ಓಣಿಯೊಳಗೆ ಹೋಗಿಬರುತ್ತಿದ್ದವು. 2026ರ ಹಂಗಾಮಿಗೆ ಹಲವು ಕ್ರೂಸ್ ಕಂಪನಿಗಳು ಟ್ರೇಸಿ ಆರ್ಮ್ ಅನ್ನು ಪ್ರಯಾಣಪಟ್ಟಿಯಿಂದ ತೆಗೆದು, ಅದರ ಜಾಗಕ್ಕೆ ಎಂಡಿಕಾಟ್ ಆರ್ಮ್ ಎಂಬ ಇನ್ನೊಂದು ಕೊಲ್ಲಿಯನ್ನು ಸೇರಿಸಿವೆ.

ಗೊಂದಲ ಹುಟ್ಟುವುದು ಇಲ್ಲಿಯೇ. ನಕ್ಷೆ ತೆರೆದು ನೋಡಿದರೆ ಎರಡೂ ಕೊಲ್ಲಿಗಳು ಹೋಲ್ಕಮ್ ಬೇ ಎಂಬ ಒಂದೇ ಬಾಯಿಗೆ ಬಂದು ಕೂಡುವ ಕವಲುಗಳೆಂದು ತಿಳಿಯುತ್ತದೆ. ಒಂದಕ್ಕೆ ಹೋಗುವುದು ಅಪಾಯವಾದರೆ ಪಕ್ಕದ ಇನ್ನೊಂದಕ್ಕೆ ಹೋಗುವುದು ಹೇಗೆ ಸುರಕ್ಷಿತ? ಇಷ್ಟು ವರ್ಷ ನಿಶ್ಚಿಂತೆಯಿಂದ ಹೋಗಿಬಂದ ಜಾಗ ಇದ್ದಕ್ಕಿದ್ದಂತೆ ಅಪಾಯಕಾರಿಯಾದದ್ದು ಹೇಗೆ? ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿರುವ ಕನ್ನಡಿಗರು, ಊರಿನಿಂದ ಬಂದ ತಂದೆತಾಯಿಯರೊಂದಿಗೆ ಸಿಯಾಟಲ್‌ನಲ್ಲಿ ಅಲಾಸ್ಕಾದ ಹಡಗು ಹತ್ತುವುದು ಅಪರೂಪವೇನಲ್ಲ. ಅವರಿಗೂ ಈ ಪ್ರಶ್ನೆಗಳು ಸಂಬಂಧಿಸಿದವೇ ಆಗಿವೆ.

ಆಗಸ್ಟ್ 10ರ ನಸುಕಿನಲ್ಲಿ ನಡೆದದ್ದು

2025ರ ಆಗಸ್ಟ್ 10ರಂದು ಬೆಳಗ್ಗೆ ಐದೂವರೆಯ ಸುಮಾರಿಗೆ, ಟ್ರೇಸಿ ಆರ್ಮ್‌ನ ಒಳತುದಿಯಲ್ಲಿ ಸೌತ್ ಸಾಯರ್ ಹಿಮನದಿಯ ಮುಖದ ಪಕ್ಕದಲ್ಲೇ ಇದ್ದ ಗುಡ್ಡದ ಮಗ್ಗುಲು ಕುಸಿಯಿತು. ಕೋಟಿಗಟ್ಟಲೆ ಘನ ಮೀಟರ್ ಬಂಡೆ ಒಮ್ಮೆಗೇ ನೀರಿಗೆ ಬಿತ್ತು. ಆ ಹೊಡೆತಕ್ಕೆ ಎದ್ದ ನೀರು ಎದುರಿನ ಗೋಡೆಯ ಮೇಲೆ 450 ಮೀಟರ್‌ಗೂ ಹೆಚ್ಚು ಎತ್ತರಕ್ಕೆ ಏರಿ, ಅಲ್ಲಿದ್ದ ಗಿಡಮರಗಳನ್ನೂ ಮಣ್ಣನ್ನೂ ಬಳಿದುಕೊಂಡು ಇಳಿಯಿತು. ಹತ್ತಾರು ಕಿ.ಮೀ. ದೂರದಲ್ಲಿ, ಕೊಲ್ಲಿಯ ಬಾಯಲ್ಲಿರುವ ಹಾರ್ಬರ್ ಐಲ್ಯಾಂಡ್ ಎಂಬ ನಡುಗಡ್ಡೆಯಲ್ಲಿ ಡೇರೆ ಹಾಕಿ ಮಲಗಿದ್ದ, ಕಯಾಕ್ ಎಂಬ ಹುಟ್ಟು ಹಾಕುವ ಕಿರುದೋಣಿಗಳ ಪ್ರವಾಸಿಗರು ಡೇರೆಯ ಬುಡಕ್ಕೇ ನೀರು ನುಗ್ಗಿದಾಗ ಎಚ್ಚರಗೊಂಡರು. ಉಬ್ಬರದ ಗೆರೆಗಿಂತ ಸಾಕಷ್ಟು ಮೇಲೆ ಇಟ್ಟಿದ್ದ ಅವರ ಸಾಮಾನು ಸರಂಜಾಮು ಕೊಚ್ಚಿಹೋಯಿತು. ಜೂನೊದ ಸಮುದ್ರಮಟ್ಟ ಮಾಪಕದಲ್ಲೂ ಅಲೆಯ ಗುರುತು ಮೂಡಿತು. ಆ ಹೊತ್ತಿನಲ್ಲಿ ಹಿಮನದಿಯ ಬಳಿ ಯಾವ ಹಡಗೂ ಇರಲಿಲ್ಲವಾದ್ದರಿಂದ ಯಾರ ಜೀವಕ್ಕೂ ಹಾನಿಯಾಗಲಿಲ್ಲ.

ಇಲ್ಲಿ ಒಂದು ಅಂಕಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. 450 ಮೀಟರ್ ಎಂಬುದು ಕೊಲ್ಲಿಯ ನಡುವೆ ಎದ್ದು ನಿಂತ ಅಲೆಯ ಎತ್ತರವಲ್ಲ; ಇಕ್ಕಟ್ಟಿನಲ್ಲಿ ಸಿಕ್ಕಿದ ನೀರು ಎದುರು ಗೋಡೆಗೆ ಅಪ್ಪಳಿಸಿ ಮೇಲೇರಿದ ಎತ್ತರ. ಕುಸಿತದ ಜಾಗದಿಂದ ದೂರ ಹೋದಂತೆ ಅಲೆ ವೇಗವಾಗಿ ತಗ್ಗುತ್ತದೆ. ಆದರೆ ಪ್ರವಾಸಿಗರು ಹೋಗುವುದು ಹಿಮನದಿಯ ಮುಖವನ್ನು ಹತ್ತಿರದಿಂದ ಕಾಣಲು, ಕುಸಿತ ನಡೆದದ್ದೂ ಅದೇ ಮುಖದ ಬಗಲಿನಲ್ಲಿ. ನೋಡುವ ಜಾಗ ಮತ್ತು ಅಪಾಯದ ಜಾಗ ಒಂದೇ ಆಗಿರುವುದು ಆಕಸ್ಮಿಕವಲ್ಲ, ಅದಕ್ಕೆ ಭೌತಿಕ ಕಾರಣವಿದೆ.

ಹಿಮ ಸರಿದರೆ ಗುಡ್ಡ ಏಕೆ ಬೀಳುತ್ತದೆ

ಸಾವಿರಾರು ವರ್ಷಗಳ ಕಾಲ ಹರಿಯುವ ಹಿಮನದಿ ತನ್ನ ಎರಡೂ ಬದಿಯ ಗುಡ್ಡಗಳ ಬುಡವನ್ನು ಕೊರೆಯುತ್ತದೆ. ಇಳಿಜಾರು ಇದರಿಂದ ಕಡಿದಾಗುತ್ತಾ ಹೋಗುತ್ತದೆ, ಆದರೂ ಬೀಳುವುದಿಲ್ಲ, ಏಕೆಂದರೆ ಕೊರೆದ ಹಿಮವೇ ಅದಕ್ಕೆ ಒತ್ತಾಗಿ ನಿಂತಿರುತ್ತದೆ. ವಾಲಿದ ಹಳೆಯ ಮಣ್ಣುಗೋಡೆಗೆ ಆನಿಸಿ ನಿಲ್ಲಿಸಿದ ಮರದ ಊರೆಯನ್ನು ಕಿತ್ತಂತೆ, ಹಿಮನದಿ ತೆಳ್ಳಗಾಗಿ ಹಿಂದೆ ಸರಿದಾಗ ಆ ಆಸರೆ ತಪ್ಪುತ್ತದೆ. ಹಿಮದ ಒತ್ತಡದಲ್ಲಿ ಬಿಗಿದುಕೊಂಡಿದ್ದ ಬಂಡೆಯ ಬಿರುಕುಗಳು ಸಡಿಲಗೊಂಡು ತೆರೆದುಕೊಳ್ಳುತ್ತವೆ. ಮಳೆನೀರು, ಕರಗಿದ ಹಿಮದ ನೀರು ಅವುಗಳೊಳಗೆ ಇಳಿದು ಒಳಗಿನಿಂದ ಒತ್ತಡ ಹಾಕುತ್ತವೆ. ಇನ್ನೂ ಉತ್ತರದ ಪ್ರದೇಶಗಳಲ್ಲಿ, ವರ್ಷವಿಡೀ ಹೆಪ್ಪುಗಟ್ಟಿ ಬಂಡೆಗಳನ್ನು ಬೆಸೆದಿಡುತ್ತಿದ್ದ ನೆಲದೊಳಗಿನ ಹಿಮವೂ ಕರಗತೊಡಗಿದೆ.

ಇದರ ಜೊತೆಗೆ ಎರಡನೆಯ ಬದಲಾವಣೆಯೂ ಆಗುತ್ತದೆ. ಮೊದಲು ಆ ಗುಡ್ಡ ಕುಸಿದಿದ್ದರೆ ಬಂಡೆಗಳು ಹಿಮದ ಮೇಲೆ ಬಿದ್ದು ಅಲ್ಲೇ ಹರಡಿಕೊಳ್ಳುತ್ತಿದ್ದವು. ಹಿಮ ಸರಿದು ಅದೇ ಜಾಗದಲ್ಲಿ ಆಳವಾದ ಕಡಲು ಬಂದು ನಿಂತ ಮೇಲೆ ಅದೇ ಕುಸಿತ ಸುನಾಮಿಯನ್ನು ಎಬ್ಬಿಸುತ್ತದೆ. ಅಂದರೆ ಹಿಮನದಿಯ ಹಿನ್ನಡೆ ಗುಡ್ಡದ ಆಸರೆಯನ್ನು ಕಿತ್ತುಕೊಳ್ಳುತ್ತದೆ, ಗುಡ್ಡ ಬೀಳಲು ನೀರನ್ನು ತಂದು ನಿಲ್ಲಿಸುತ್ತದೆ, ಆ ನೀರಿನ ಮೇಲೆ ಹಡಗಿಗೆ ದಾರಿಯನ್ನೂ ಮಾಡಿಕೊಡುತ್ತದೆ. ಈ ಮೂರನ್ನೂ ಒಟ್ಟಿಗೆ ನೋಡದೆ ಹೋದರೆ ಟ್ರೇಸಿ ಆರ್ಮ್‌ನ ಘಟನೆ ಬರಿಯ ದುರದೃಷ್ಟದಂತೆ ಕಾಣುತ್ತದೆ.

ಇಂಥದ್ದು ಇದೇ ಮೊದಲೂ ಅಲ್ಲ. ಹಿಮನದಿ ಕೊರೆದ ಇಕ್ಕಟ್ಟಾದ ಕಡಲ ಕೊಲ್ಲಿಗೆ ಫ್ಯೋರ್ಡ್ ಎನ್ನುತ್ತಾರೆ. ಅಲಾಸ್ಕಾದ ಟಾನ್ ಫ್ಯೋರ್ಡ್‌ನಲ್ಲಿ ಟಿಂಡಲ್ ಹಿಮನದಿ 1961ರಿಂದ 1991ರ ನಡುವೆ ಸುಮಾರು 17 ಕಿ.ಮೀ. ಹಿಂದೆ ಸರಿದಿತ್ತು, 2015ರ ಅಕ್ಟೋಬರ್ 17ರಂದು ಅಲ್ಲಿನ ಗುಡ್ಡ ಕುಸಿದು ನೀರು 193 ಮೀಟರ್ ಎತ್ತರಕ್ಕೆ ಏರಿತು. ಪೂರ್ವ ಗ್ರೀನ್‌ಲ್ಯಾಂಡಿನ ಡಿಕ್ಸನ್ ಫ್ಯೋರ್ಡ್‌ನಲ್ಲಿ 2023ರ ಸೆಪ್ಟೆಂಬರ್ 16ರಂದು ಸುಮಾರು 2.5 ಕೋಟಿ ಘನ ಮೀಟರ್ ಬಂಡೆ ಮತ್ತು ಹಿಮ ಬಿದ್ದು 200 ಮೀಟರ್ ಎತ್ತರದ ಸುನಾಮಿ ಎದ್ದಿತು. ಆಮೇಲೆ ಕೊಲ್ಲಿಯ ನೀರು ಒಂದು ದಡದಿಂದ ಇನ್ನೊಂದು ದಡಕ್ಕೆ ಒಂಬತ್ತು ದಿನ ತುಯ್ದಾಡುತ್ತಲೇ ಇತ್ತು. ಆ ತೂಗಾಟದ ಕಂಪನ ಜಗತ್ತಿನಾದ್ಯಂತ ಭೂಕಂಪ ಮಾಪಕಗಳಲ್ಲಿ ದಾಖಲಾಗಿ, ಇದು ಏನೆಂದು ತಿಳಿಯದೆ ವಿಜ್ಞಾನಿಗಳು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡಿದ್ದರು. ಆ ಭಾಗದ ಫ್ಯೋರ್ಡ್‌ಗಳೂ ಅನ್ವೇಷಣಾ ಪ್ರವಾಸದ ಹಡಗುಗಳು ಓಡಾಡುವ ಜಾಗವೇ. ಆ ಕುಸಿತಕ್ಕೆ ಕೇವಲ ಐದು ದಿನ ಮೊದಲು, ಅದೇ ಪ್ರದೇಶದ ಆಲ್ಪ್‌ಫ್ಯೋರ್ಡ್‌ನಲ್ಲಿ 206 ಜನರಿದ್ದ ಓಷನ್ ಎಕ್ಸ್‌ಪ್ಲೋರರ್ ಎಂಬ ಹಡಗು ನೆಲಕ್ಕೆ ತಾಗಿ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಬಿಡಿಸಲು ಮೂರು ದಿನ ಬೇಕಾಯಿತು. ಆ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ನೆರವು ತಲುಪಲು ದಿನಗಳೇ ಹಿಡಿಯುವ ಕಡೆ ಇಂಥ ಕುಸಿತಗಳು ನಡೆಯುತ್ತಿವೆ ಎಂಬುದನ್ನು ಅವು ತೋರಿಸಿಕೊಟ್ಟವು.

ಎಲ್ಲ ಕುಸಿತಗಳಿಗೂ ಹವಾಮಾನ ಬದಲಾವಣೆಯೇ ಕಾರಣ ಎಂದು ಹೇಳಿಬಿಡುವುದು ತಪ್ಪಾಗುತ್ತದೆ. ಇದುವರೆಗೆ ದಾಖಲಾಗಿರುವ ಅತಿ ಎತ್ತರದ ಏರಿಕೆ, 524 ಮೀಟರ್, 1958ರ ಜುಲೈ 9ರಂದು ಅಲಾಸ್ಕಾದ ಲಿಟೂಯಾ ಕೊಲ್ಲಿಯಲ್ಲಿ ಆದದ್ದು. ಅಲ್ಲಿ ಗುಡ್ಡವನ್ನು ಉರುಳಿಸಿದ್ದು ಭಾರಿ ಭೂಕಂಪ. ಭೂಕಂಪ ಒಂದು ಕ್ಷಣದ ತಳ್ಳು. ಹಿಮದ ಹಿನ್ನಡೆಯಾದರೋ ತಳ್ಳಿದರೆ ಬೀಳುವ ಸ್ಥಿತಿಗೆ ತಲುಪಿದ ಇಳಿಜಾರುಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ, ಕೆಲವೊಮ್ಮೆ ತಳ್ಳುವ ಅಗತ್ಯವೇ ಇಲ್ಲದಂತೆ ಮಾಡುತ್ತದೆ.

ಹಡಗಿನ ದಾರಿಯೇ ಹೊಸದು

“ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ” ಎಂಬ ಮಾತಿಗೆ ಉತ್ತರ ಹುಡುಕಲು ಜೂನೊದ ಪಶ್ಚಿಮಕ್ಕಿರುವ ಗ್ಲೇಸಿಯರ್ ಬೇಯ ಚರಿತ್ರೆ ಸಹಾಯಕ್ಕೆ ಬರುತ್ತದೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಅಲ್ಲಿಗೆ ಬಂದಾಗ ಕೊಲ್ಲಿ ಎಂಬುದು ಹೆಚ್ಚೂಕಡಿಮೆ ಇರಲೇ ಇಲ್ಲ. ದಂಡೆಯಿಂದ ಏಳೆಂಟು ಕಿ.ಮೀ. ಒಳಗೇ ಹಿಮದ ಗೋಡೆ ಎದುರಾಗಿತ್ತು. 1879ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಮಾರ್ಗದರ್ಶನದಲ್ಲಿ ದೋಣಿಯಲ್ಲಿ ಬಂದ ನಿಸರ್ಗತಜ್ಞ ಜಾನ್ ಮ್ಯೂರ್ ಕಂಡಾಗ ಹಿಮ 60 ಕಿ.ಮೀ.ಗೂ ಹೆಚ್ಚು ಹಿಂದೆ ಹೋಗಿತ್ತು. 1916ರ ಹೊತ್ತಿಗೆ ಅದು ಕೊಲ್ಲಿಯ ಬಾಯಿಂದ ನೂರು ಕಿ.ಮೀ.ಗೂ ಆಚೆಗೆ ಸರಿದಿತ್ತು. ಕಿರು ಹಿಮಯುಗ ಎಂದು ಕರೆಯುವ, ಕೆಲವು ಶತಮಾನಗಳ ಚಳಿಯ ಅವಧಿಯ ಕೊನೆಯಲ್ಲಿ ಆರಂಭವಾದ ಈ ಹಿನ್ನಡೆಯ ಬಹುಭಾಗ ಇಂದಿನ ಮಾನವ ನಿರ್ಮಿತ ತಾಪ ಏರಿಕೆಗಿಂತ ಹಿಂದಿನದು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಇಂದು ಹಡಗುಗಳು ಸಾಗುವ ಇಡೀ ಜಲಮಾರ್ಗ ಎರಡು ಮೂರು ಶತಮಾನಗಳ ಹಿಂದೆ ಹಿಮದಡಿ ಇತ್ತು ಎಂಬುದೂ ಅಷ್ಟೇ ನಿಜ.

ಆ ಕೊಲ್ಲಿಯನ್ನು ತಮ್ಮ ತವರೆಂದು ಕರೆಯುವ ಹೂನಾ ಟ್ಲಿಂಗಿಟ್ ಜನರಿಗೆ ಇದು ಪುಸ್ತಕದಿಂದ ತಿಳಿದ ಸಂಗತಿಯಲ್ಲ. ಹದಿನೆಂಟನೆಯ ಶತಮಾನದಲ್ಲಿ ಮುನ್ನುಗ್ಗಿದ ಹಿಮ ಅವರ ಹಳ್ಳಿಗಳನ್ನು ಅಳಿಸಿಹಾಕಿ ಅವರನ್ನು ಅಲ್ಲಿಂದ ಓಡಿಸಿದ್ದು ಅವರ ಮೌಖಿಕ ಪರಂಪರೆಯಲ್ಲಿ ಸ್ಪಷ್ಟವಾಗಿ ಉಳಿದಿದೆ. 2016ರಲ್ಲಿ ಅದೇ ಕೊಲ್ಲಿಯ ದಡದಲ್ಲಿ ಅವರ ಕುಲದ ಮನೆಯೊಂದು ಮತ್ತೆ ತಲೆಯೆತ್ತಿದೆ.

ಪ್ರವಾಸವೂ ಒಮ್ಮೆ ನಿಂತುಹೋದದ್ದಿದೆ. 1880ರ ದಶಕದಲ್ಲೇ ಉಗಿಹಡಗುಗಳು ಪ್ರವಾಸಿಗರನ್ನು ಮ್ಯೂರ್ ಹಿಮನದಿಯ ಎದುರಿಗೆ ಕರೆತರುತ್ತಿದ್ದವು. 1899ರ ಸೆಪ್ಟೆಂಬರ್‌ನ ಭೂಕಂಪಕ್ಕೆ ಹಿಮನದಿಯ ಮುಖ ಛಿದ್ರವಾಗಿ, ತೇಲುವ ಹಿಮದ ಗಡ್ಡೆಗಳು ಕೊಲ್ಲಿಯನ್ನೇ ತುಂಬಿಬಿಟ್ಟವು. ಹಡಗುಗಳು ಹಲವು ವರ್ಷ ಹತ್ತಿರಕ್ಕೂ ಸುಳಿಯಲಾಗಲಿಲ್ಲ. ಇಂಥ ಕೊಲ್ಲಿಗಳಲ್ಲಿ ಮೂವತ್ತು ನಲವತ್ತು ವರ್ಷಗಳ ಅನುಭವ ಬಹಳ ಚಿಕ್ಕದು, ಏಕೆಂದರೆ ಅನುಭವ ಗಳಿಸಿದ ಜಾಗವೇ ಆ ಅವಧಿಯಲ್ಲಿ ಬದಲಾಗಿರುತ್ತದೆ.

ಬಾಗಿಲು ಹಾಕುವ ಅಧಿಕಾರ ಯಾರಿಗೆ?

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಅಲ್ಲಿ ಕೊಲ್ಲಿಯ ನೀರಿನ ಮೇಲಿನ ಓಡಾಟವೂ ಉದ್ಯಾನದ ಆಡಳಿತಕ್ಕೆ ಒಳಪಟ್ಟಿದೆ. ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಪ್ರವೇಶ. ತಿಮಿಂಗಿಲಗಳಿರುವ ಕಡೆ ವೇಗಕ್ಕೆ ಮಿತಿ. ಸೀಲ್‌ಗಳು ಮರಿ ಹಾಕುವ ಕಾಲದಲ್ಲಿ ಜಾನ್ಸ್ ಹಾಪ್ಕಿನ್ಸ್ ಇನ್ಲೆಟ್‌ಗೆ ಕ್ರೂಸ್ ಹಡಗುಗಳು ಹೋಗುವಂತೆಯೇ ಇಲ್ಲ. ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ಇಡೀ ದಿನ ಪ್ರಯಾಣಿಕರಿಗೆ ವಿವರಣೆ ನೀಡುತ್ತಾರೆ.

ಟ್ರೇಸಿ ಆರ್ಮ್ ಮತ್ತು ಎಂಡಿಕಾಟ್ ಆರ್ಮ್‌ಗಳ ಸ್ಥಿತಿ ಬೇರೆ. ಸುತ್ತಲಿನ ನೆಲ ಟಾಂಗಸ್ ರಾಷ್ಟ್ರೀಯ ಅರಣ್ಯದೊಳಗಿನ ಸಂರಕ್ಷಿತ ವನ್ಯಪ್ರದೇಶ, ಅದನ್ನು ನೋಡಿಕೊಳ್ಳುವುದು ಅಮೆರಿಕದ ಅರಣ್ಯ ಸೇವೆ. ಆದರೆ ಆ ಅಧಿಕಾರ ದಡದಲ್ಲೇ ಮುಗಿಯುತ್ತದೆ. ನೀರಿನ ಮೇಲೆ ಎಷ್ಟು ಹಡಗು ಬರಬೇಕು, ಹಿಮನದಿಗೆ ಎಷ್ಟು ಹತ್ತಿರ ಹೋಗಬೇಕು ಎಂಬುದಕ್ಕೆ ಗ್ಲೇಸಿಯರ್ ಬೇಯಂಥ ಕಟ್ಟುನಿಟ್ಟಿನ ಮಿತಿಗಳಿಲ್ಲ. ಹಡಗು ಸಂಸ್ಥೆಗಳು ತಾವಾಗಿ ಒಪ್ಪಿಕೊಂಡ ಶಿಷ್ಟಾಚಾರಗಳಿವೆ ಅಷ್ಟೆ. ಆದ್ದರಿಂದ ಟ್ರೇಸಿ ಆರ್ಮ್‌ನಿಂದ ದೊಡ್ಡ ಹಡಗುಗಳು ದೂರವಾದದ್ದು ಕಂಪನಿಗಳು ಒಂದೊಂದಾಗಿ ತಮ್ಮಷ್ಟಕ್ಕೆ ತೆಗೆದುಕೊಂಡ ನಿರ್ಧಾರದಿಂದ. ಕಂಪನಿ ತೆಗೆದುಕೊಂಡ ನಿರ್ಧಾರವನ್ನು ಮುಂದಿನ ವರ್ಷ ಕಂಪನಿಯೇ ಬದಲಿಸಬಹುದು. ಒಂದು ಕಂಪನಿ ಹೋಗದಿದ್ದರೂ ಇನ್ನೊಂದು ಹೋಗಬಹುದು. ಈ ವಿಷಯದಲ್ಲಿ ಅತ್ಯಂತ ಕಳವಳಕಾರಿಯಾದ ಅಂಶ ಇದೇ ಎಂಬುದು ಈ ಲೇಖನದ ನಿಲುವು.

ಗ್ಲೇಸಿಯರ್ ಬೇಯ ನಿಯಮಗಳೂ ಮುಖ್ಯವಾಗಿ ತಿಮಿಂಗಿಲ, ಸೀಲ್, ಹೊಗೆ, ನಿಶ್ಶಬ್ದತೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ಅಲ್ಲೂ ಟೈಡಲ್ ಇನ್ಲೆಟ್ ಎಂಬ ಕವಲಿನ ಮೇಲೆ ಅಸ್ಥಿರವಾದ ಇಳಿಜಾರೊಂದಿದ್ದು, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ವರ್ಷಗಳ ಹಿಂದೆಯೇ ಅಧ್ಯಯನ ಮಾಡಿ ಅಪಾಯವನ್ನು ಗುರುತಿಸಿದ್ದಾರೆ. ಹಡಗುಗಳ ಮಾರ್ಗ ಆ ಕವಲಿನ ಬಾಯಿಯ ಮುಂದೆಯೇ ಹಾದುಹೋಗುತ್ತದೆ.

ವಾದ ಪ್ರತಿವಾದಗಳು

ಹಡಗುಗಳು ಮುಂದೆಯೂ ಇಂಥ ಕೊಲ್ಲಿಗಳಿಗೆ ಹೋಗಬಹುದು ಎನ್ನುವವರ ವಾದವನ್ನು ತಳ್ಳಿಹಾಕಲಾಗದು. ನೂರಾರು ಕೊಲ್ಲಿಗಳು, ಸಾವಿರಾರು ಕಿ.ಮೀ. ಕರಾವಳಿ, ಇಂಥ ಭಾರಿ ಕುಸಿತಗಳು ದಶಕಕ್ಕೆ ಕೆಲವು. ಒಂದು ಹಡಗು ಕೆಲವೇ ಗಂಟೆಗಳ ಕಾಲ ಒಳಗಿರುತ್ತದೆ. ಅದೇ ಹೊತ್ತಿಗೆ ಅದೇ ಜಾಗದಲ್ಲಿ ಗುಡ್ಡ ಬೀಳುವ ಸಂಭವ ತೀರಾ ಕಡಿಮೆ. ಜೂನೊದಂಥ ಊರಿಗೆ ಒಂದು ಬೇಸಿಗೆಯಲ್ಲಿ 16 ಲಕ್ಷಕ್ಕೂ ಹೆಚ್ಚು ಹಡಗು ಪ್ರಯಾಣಿಕರು ಬರುತ್ತಾರೆ, ಹಲವರ ಹೊಟ್ಟೆಪಾಡು ಇದರ ಮೇಲೆಯೇ ನಿಂತಿದೆ. ಹಿಮನದಿ ತೋರಿಸದ ಅಲಾಸ್ಕಾ ಪ್ರವಾಸವನ್ನು ಮಾರುವುದು ಕಷ್ಟ.

ಇದಕ್ಕೆ ಪ್ರತಿಯಾಗಿ ಬರುವ ವಾದವೆಂದರೆ, ಸಂಭವ ಕಡಿಮೆಯಾದರೂ ಪರಿಣಾಮದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ದೊಡ್ಡ ಕ್ರೂಸ್ ಹಡಗಿನಲ್ಲಿ ಸಾವಿರಾರು ಜನರಿರುತ್ತಾರೆ. ಇಕ್ಕಟ್ಟಾದ ಕೊಲ್ಲಿಯ ಒಳತುದಿಯಲ್ಲಿ ಹಿಮಗಡ್ಡೆಗಳ ನಡುವೆ ನಿಂತ ಅದಕ್ಕೆ ತಿರುಗಿ ಹೊರಡಲು ಜಾಗವೂ ಇಲ್ಲ, ಸಮಯವೂ ಇಲ್ಲ. ಬಿದ್ದ ಗುಡ್ಡದ ಅಲೆ ಹತ್ತಿರದ ಹಡಗನ್ನು ತಲುಪಲು ಬೇಕಾದದ್ದು ಒಂದೆರಡು ನಿಮಿಷ. ಹಿಂದಿನ ಲೆಕ್ಕದ ಮೇಲೆ ಸಂಭವವನ್ನು ಅಳೆಯುವುದೂ ಸರಿಯಲ್ಲ, ಏಕೆಂದರೆ ಆಸರೆ ಕಳೆದುಕೊಳ್ಳುತ್ತಿರುವ ಇಳಿಜಾರುಗಳು ಪ್ರತಿ ವರ್ಷ ಹೆಚ್ಚುತ್ತಿವೆ.

ಎಂಡಿಕಾಟ್ ಆರ್ಮ್ ಸುರಕ್ಷಿತವೇ ಎಂಬ ಪ್ರಶ್ನೆಗೆ ನೇರ ಉತ್ತರ ಇಷ್ಟೇ: ಟ್ರೇಸಿ ಆರ್ಮ್‌ನಲ್ಲಿ ಈಗ ಹಸಿಯಾಗಿ ತೆರೆದುಕೊಂಡ ಗಾಯವಿದೆ, ಅಲ್ಲಿ ಮತ್ತೆ ಬಂಡೆ ಉರುಳಬಹುದು, ನೀರಿನಲ್ಲಿ ಮರದ ದಿಮ್ಮಿಗಳು ತೇಲುತ್ತಿರಬಹುದು. ಎಂಡಿಕಾಟ್‌ನಲ್ಲಿ ಅಂಥ ತಕ್ಷಣದ ಅಪಾಯವಿಲ್ಲ. ಆದರೆ ಅಲ್ಲಿನ ಡಾಸ್ ಹಿಮನದಿಯೂ ಹಿಂದೆ ಸರಿಯುತ್ತಿದೆ, ಗೋಡೆಗಳೂ ಅಷ್ಟೇ ಕಡಿದು. 2025ರ ಆಗಸ್ಟ್‌ಗೆ ಮೊದಲು ಟ್ರೇಸಿ ಆರ್ಮ್‌ನ ಆ ಗುಡ್ಡ ಕೂಡ ಅಪಾಯಕಾರಿ ಎಂದು ಗುರುತಿಸಿದ ಪಟ್ಟಿಯಲ್ಲಿ ಇರಲಿಲ್ಲ.

ಚಿಕ್ಕ ಹಡಗು ಎಂದರೆ ಕಡಿಮೆ ಅಪಾಯವೇ?

ಅನ್ವೇಷಣಾ ಪ್ರವಾಸದ ಹಡಗುಗಳಲ್ಲಿ ಸಾಮಾನ್ಯವಾಗಿ ನೂರರಿಂದ ಇನ್ನೂರು ಪ್ರಯಾಣಿಕರಷ್ಟೇ ಇರುತ್ತಾರೆ. ಅವು ಪರಿಸರಕ್ಕೆ ಕೊಡುವ ಒಟ್ಟು ಹೊರೆ ಕಡಿಮೆ, ಕ್ಯಾಪ್ಟನ್ ಬೇಗ ದಾರಿ ಬದಲಿಸಬಲ್ಲ. ಆದರೆ ಅವುಗಳ ಆಕರ್ಷಣೆ ಇರುವುದೇ ಹತ್ತಿರ ಹೋಗುವುದರಲ್ಲಿ. ಹಡಗು ನಿಂತ ಮೇಲೆ ಪ್ರಯಾಣಿಕರು ಹತ್ತು ಹನ್ನೆರಡು ಜನರಂತೆ ಜೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿಗಳಿಗೆ ಇಳಿಯುತ್ತಾರೆ. ಕೆಲವರು ಕಯಾಕ್‌ಗಳಲ್ಲಿ ಬಂಡೆಗೋಡೆಯ ಬುಡಕ್ಕೇ ಹೋಗುತ್ತಾರೆ. ಕೆಲವರು ದಡದಲ್ಲಿ ನಡೆಯುತ್ತಾರೆ.

ಅಲೆ ಬಂದಾಗ ಅತಿ ಕೆಟ್ಟ ಜಾಗವೆಂದರೆ ದಡ ಮತ್ತು ಅದರಂಚಿನ ಆಳವಿಲ್ಲದ ನೀರು. ಆಳದ ನಡುನೀರಿನಲ್ಲಿರುವ ಹಡಗಿಗೆ, ಕುಸಿತದ ಜಾಗದಿಂದ ದೂರವಿದ್ದರೆ, ಅಲೆಯ ಮೇಲೇರಿ ಉಳಿಯುವ ಅವಕಾಶ ಹೆಚ್ಚು. 1958ರಲ್ಲಿ ಲಿಟೂಯಾ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಮೂರು ಮೀನುಗಾರಿಕೆ ದೋಣಿಗಳಲ್ಲಿ ಒಂದರಲ್ಲಿ ತಂದೆ ಮತ್ತು ಏಳು ವರ್ಷದ ಮಗ ಇದ್ದರು. ಅಲೆ ಅವರ ದೋಣಿಯನ್ನು ಎತ್ತಿ ಲಂಗರಿನ ಸರಪಳಿಯನ್ನು ಕಿತ್ತರೂ ದೋಣಿ ಮುಳುಗದೆ ಇಬ್ಬರೂ ಬದುಕಿದರು. ಇನ್ನೊಂದು ದೋಣಿಯಲ್ಲಿದ್ದ ದಂಪತಿ ಸತ್ತರು. ಕಯಾಕ್‌ನಲ್ಲಿ ಕುಳಿತವರಿಗೆ ಆ ಮಟ್ಟದ ಅವಕಾಶವೂ ಇರುವುದಿಲ್ಲ. ಆದ್ದರಿಂದ ಹಡಗು ಚಿಕ್ಕದಾದ ಮಾತ್ರಕ್ಕೆ ಈ ಅಪಾಯ ಚಿಕ್ಕದಾಗುವುದಿಲ್ಲ.

ಮುನ್ಸೂಚನೆ ಸಾಧ್ಯವೇ?

ಭಾಗಶಃ ಸಾಧ್ಯ, ಅದಕ್ಕೆ ಉದಾಹರಣೆ ನಾರ್ವೆಯಲ್ಲಿದೆ. 1934ರಲ್ಲಿ ಟಾಫ್ಯೋರ್ಡ್‌ನಲ್ಲಿ ಗುಡ್ಡ ಕುಸಿದು ಎದ್ದ ಅಲೆಗೆ 40 ಜನ ಬಲಿಯಾಗಿದ್ದರು. ಅದೇ ಫ್ಯೋರ್ಡ್‌ಗಳ ಜಾಲದಲ್ಲಿ, ಕ್ರೂಸ್ ಹಡಗುಗಳು ಕಿಕ್ಕಿರಿಯುವ ಗೈರಾಂಗರ್‌ಗೆ ಹೋಗುವ ದಾರಿಯಲ್ಲಿ, ಆಕ್ನೆಸ್ ಎಂಬ ಇಳಿಜಾರು ಪ್ರತಿ ವರ್ಷ ಕೆಲವು ಸೆಂಟಿಮೀಟರ್ ಜಾರುತ್ತಿದೆ. ನಾರ್ವೆ ಸರ್ಕಾರ ಅಲ್ಲಿ ಜಿಪಿಎಸ್, ರಾಡಾರ್, ಬಿರುಕುಗಳ ಅಗಲ ಅಳೆಯುವ ಸಾಧನಗಳನ್ನು ಇಟ್ಟು ಹಗಲಿರುಳೂ ನಿಗಾ ವಹಿಸುತ್ತಿದೆ, ಚಲನೆ ಹೆಚ್ಚಿದರೆ ಊರುಗಳನ್ನು ಖಾಲಿ ಮಾಡಿಸುವ ಯೋಜನೆಯೂ ಸಿದ್ಧವಿದೆ. ಅಲಾಸ್ಕಾದಲ್ಲೂ ವಿಟಿಯರ್ ಊರಿಗೆ ಹತ್ತಿರದ ಬ್ಯಾರಿ ಆರ್ಮ್‌ನ ಭಾರಿ ಇಳಿಜಾರಿನ ಬಗ್ಗೆ 2020ರಲ್ಲಿ ಎಚ್ಚರಿಕೆ ಹೊರಟ ಮೇಲೆ ಅಲ್ಲಿ ಮಾಪನ ಸಾಧನಗಳನ್ನು ಅಳವಡಿಸಲಾಗಿದೆ.

ಟ್ರೇಸಿ ಆರ್ಮ್‌ನಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಆದರೆ ಕುಸಿತದ ಬಳಿಕ ಭೂಕಂಪ ದಾಖಲೆಗಳನ್ನು ತಿರುವಿ ನೋಡಿದಾಗ, ಅದಕ್ಕೆ ಮೊದಲು ಗಂಟೆಗಟ್ಟಲೆ ಕಾಲ ಪುಟ್ಟ ಪುಟ್ಟ ಕಂಪನಗಳು ಹೆಚ್ಚುತ್ತಾ ಬಂದದ್ದು ಕಂಡುಬಂತು. ಗುಡ್ಡ ಸೂಚನೆ ಕೊಟ್ಟಿತ್ತು, ಆ ಹೊತ್ತಿನಲ್ಲಿ ಅದನ್ನು ಓದುವವರಿರಲಿಲ್ಲ. ಪ್ರತಿ ಕುಸಿತವೂ ಹೀಗೆ ಮೊದಲೇ ಮಿಡಿಯುತ್ತದೆ ಎಂದು ಹೇಳಲಾಗದು, ಮಿಡಿದರೂ ಅದು ಕುಸಿತದಲ್ಲೇ ಮುಗಿಯುತ್ತದೆ ಎನ್ನಲಾಗದು. ಆದರೂ ಹಡಗುಗಳು ನಿತ್ಯ ಹೋಗುವ ಬೆರಳೆಣಿಕೆಯ ಕೊಲ್ಲಿಗಳಲ್ಲಾದರೂ ಇಂಥ ನಿಗಾ ಇರಿಸುವುದು ಅಸಾಧ್ಯದ ಕೆಲಸವಲ್ಲ.

ಇದು ದೂರದ ದೇಶದ ವಿಜ್ಞಾನವೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಸರೋವರಕ್ಕೆ ಹೆಪ್ಪುಗಟ್ಟಿದ ದಂಡೆ ಕುಸಿದು, ಸುಮಾರು 20 ಮೀಟರ್‌ನ ಅಲೆ ಎದ್ದು, ಕಟ್ಟೆ ಒಡೆದು ತೀಸ್ತಾ ಕಣಿವೆ ಕೊಚ್ಚಿಹೋದದ್ದು ಇದೇ ಸರಣಿಯ ಘಟನೆ. ಆ ಸರೋವರದ ಅಪಾಯವನ್ನು 2021ರಲ್ಲೇ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅದರಲ್ಲಿ ಭಾಗಿಯಾಗಿದ್ದರು. ತಿಳಿವಳಿಕೆ ಇತ್ತು, ಅದನ್ನು ಕ್ರಮಕ್ಕೆ ಇಳಿಸುವ ಕೊಂಡಿ ಇರಲಿಲ್ಲ.

ಮುಂದೇನಾಗಬಹುದು

ತಕ್ಷಣದ ಪರಿಣಾಮ ಎಂಡಿಕಾಟ್ ಆರ್ಮ್‌ನ ದಟ್ಟಣೆ. ಎರಡು ಕೊಲ್ಲಿಗಳಿಗೆ ಹಂಚಿಹೋಗುತ್ತಿದ್ದ ಹಡಗುಗಳು ಒಂದರಲ್ಲೇ ಸೇರಿದರೆ, ಡಾಸ್ ಹಿಮನದಿಯ ಮುಂದಿನ ತೇಲುಹಿಮದ ಮೇಲೆ ಮರಿಗಳೊಂದಿಗೆ ಮಲಗುವ ಸೀಲ್‌ಗಳಿಗೆ ನೆಮ್ಮದಿ ಇರುವುದಿಲ್ಲ. ಹಡಗು ಹತ್ತಿರ ಬಂದರೆ ತಾಯಿ ನೀರಿಗೆ ಜಿಗಿಯುತ್ತದೆ, ತಣ್ಣೀರಿಗೆ ಬಿದ್ದ ಮರಿಯ ಮೈಶಾಖ ವ್ಯರ್ಥವಾಗುತ್ತದೆ. ಗ್ಲೇಸಿಯರ್ ಬೇಯಲ್ಲಿ ದೈನಿಕ ಮಿತಿ ಇರುವುದರಿಂದ ಹೆಚ್ಚಿನ ಹಡಗುಗಳು ಅಲ್ಲಿಗೆ ಹೋಗಲಾರವು. ಟ್ರೇಸಿ ಆರ್ಮ್ ತೆರವಾಗಿರುವುದನ್ನು ಕಂಡು ಚಿಕ್ಕ ದೋಣಿಗಳವರು, ಖಾಸಗಿ ವಿಹಾರನೌಕೆಗಳವರು ಅತ್ತ ತಿರುಗುವ ಸಾಧ್ಯತೆಯೂ ಇದೆ. ಅವರನ್ನು ತಡೆಯುವ ಕಂಪನಿಯ ನಿರ್ಧಾರ ಯಾವುದೂ ಇರುವುದಿಲ್ಲ.

ಟಿಕೆಟ್ ಕಾಯ್ದಿರಿಸಿದವರಿಗೆ ಪ್ರಾಯೋಗಿಕ ಸಂಗತಿಯೊಂದಿದೆ. ಮಾರ್ಗ ಬದಲಿಸುವ ಹಕ್ಕು ಸಾಮಾನ್ಯವಾಗಿ ಒಪ್ಪಂದದಲ್ಲೇ ಹಡಗಿನವರಿಗೆ ಇರುತ್ತದೆ, ಕೊಲ್ಲಿಯನ್ನು ಬಿಟ್ಟರೆಂದು ಹಣ ಮರಳುವುದು ಅಪರೂಪ. ದುಡ್ಡು ಕೊಟ್ಟವರ ಒತ್ತಾಯಕ್ಕೆ ಕ್ಯಾಪ್ಟನ್ ಹಿಮನದಿಯ ಇನ್ನಷ್ಟು ಹತ್ತಿರ ಹೋಗುವಂತಾಗಬಾರದು. ಹಡಗು ಕಾಯ್ದಿರಿಸುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ: ಹಿಮನದಿಯಿಂದ ಮತ್ತು ಬಂಡೆಗೋಡೆಗಳಿಂದ ಎಷ್ಟು ದೂರ ಕಾಯ್ದುಕೊಳ್ಳುತ್ತೀರಿ, ಸಣ್ಣ ದೋಣಿಗಳು ನೀರಿನಲ್ಲಿರುವಾಗ ಎಚ್ಚರಿಕೆ ಬಂದರೆ ಏನು ಮಾಡುತ್ತೀರಿ, ಆ ಎಚ್ಚರಿಕೆ ನಿಮಗೆ ಯಾರಿಂದ ಬರುತ್ತದೆ?

ಮೂರನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಹಡಗಿನವರಲ್ಲ. ಅಲಾಸ್ಕಾ ರಾಜ್ಯ, ಅರಣ್ಯ ಸೇವೆ, ಕರಾವಳಿ ರಕ್ಷಣಾ ಪಡೆ ಮತ್ತು ಭೂವಿಜ್ಞಾನ ಸಂಸ್ಥೆಗಳು ಸೇರಿ, ಹಡಗುಗಳು ಹೋಗುವ ಪ್ರತಿ ಕೊಲ್ಲಿಯ ಇಳಿಜಾರುಗಳ ಸಮೀಕ್ಷೆ ನಡೆಸಬೇಕು. ಕಂಪನ ಹೆಚ್ಚಿದ ಸುದ್ದಿಯನ್ನು ನಿಮಿಷಗಳಲ್ಲಿ ಕ್ಯಾಪ್ಟನ್‌ಗೆ ಮುಟ್ಟಿಸುವ ವ್ಯವಸ್ಥೆ ಮಾಡಬೇಕು. ಬೇಕಾದಾಗ ಕೊಲ್ಲಿಯನ್ನು ಎಲ್ಲರಿಗೂ ಒಟ್ಟಿಗೆ ಮುಚ್ಚುವ ಅಧಿಕಾರವನ್ನು ಒಂದೇ ಸಂಸ್ಥೆಗೆ ಸ್ಪಷ್ಟವಾಗಿ ವಹಿಸಬೇಕು. ಅಷ್ಟಾಗುವವರೆಗೆ, ಇತ್ತೀಚಿನ ವರ್ಷಗಳಲ್ಲಿ ಹಿಮ ಸರಿದು ಬರಿದಾದ ಗೋಡೆಗಳ ಕೆಳಗೆ ಕಯಾಕ್‌ಗಳನ್ನಾಗಲಿ ರಬ್ಬರ್ ದೋಣಿಗಳನ್ನಾಗಲಿ ಇಳಿಸಬಾರದು. ಎಂಡಿಕಾಟ್ ಆರ್ಮ್‌ಗೂ ಈ ಮಾತು ಅನ್ವಯಿಸುತ್ತದೆ.